ಲೇತ್‌ನ ಜಾರುಹಾದಿ ಮತ್ತು ಘರ್ಷಣೆಯ ಚಂಚಲತೆ

ಲೋಹವನ್ನು ಕಡೆಯುವ ಲೇತ್ ಯಂತ್ರದಲ್ಲಿ ಏಕಕಾಲಕ್ಕೆ ಎರಡು ಬಗೆಯ ಚಲನೆಗಳು ನಡೆಯುತ್ತಿರುತ್ತವೆ. ಕಡೆಯಬೇಕಾದ ತುಂಡನ್ನು ಚಕ್‌ನಲ್ಲಿ ಕಚ್ಚಿ ಹಿಡಿದ ಸ್ಪಿಂಡಲ್ ತನ್ನ ಅಕ್ಷದ ಸುತ್ತ ತಿರುಗುತ್ತದೆ. ಅದನ್ನು ಕತ್ತರಿಸುವ ಟೂಲನ್ನು ಹೊತ್ತ ಸ್ಲೈಡುಗಳು ಎರಕ ಕಬ್ಬಿಣದ ಬೆಡ್‌ನ ಮೇಲೆ ನೇರಗೆರೆಯಲ್ಲಿ ಜಾರುತ್ತವೆ. ತಿರುಗುವ ಭಾಗದ ಘರ್ಷಣೆಯನ್ನು ಹತೋಟಿಗೆ ತರುವ ವಿದ್ಯೆ 19ನೆಯ ಶತಮಾನ ಮುಗಿಯುವ ಹೊತ್ತಿಗೆ ಬಹುಮಟ್ಟಿಗೆ ಕೈವಶವಾಗಿತ್ತು. ಜಾರುವ ಭಾಗದ ಘರ್ಷಣೆ ಮಾತ್ರ ಇಂದಿಗೂ ಟರ್ನರ್‌ನ ತಾಳ್ಮೆಯನ್ನು ಪರೀಕ್ಷಿಸುತ್ತಲೇ ಇದೆ. ಅದಕ್ಕೆ ಕಾರಣ ಆ ಘರ್ಷಣೆ ಹೆಚ್ಚು ಎಂಬುದಲ್ಲ, ಅದು ಒಂದೇ ತೆರನಾಗಿ ಇರುವುದಿಲ್ಲ ಎಂಬುದು.

ಸಾಮಾನ್ಯ ಸೆಂಟರ್ ಲೇತ್‌ನಲ್ಲಿ ಇಂತಹ ಜಾರುಹಾದಿಗಳು ಒಂದಲ್ಲ, ಹಲವು. ಬೆಡ್‌ನ ಮೇಲೆ ಉದ್ದುದ್ದಕ್ಕೆ ಚಲಿಸುವ ಭಾಗ ಸ್ಯಾಡಲ್. ಅದರ ಮುಂಬದಿಗೆ ತೂಗುಬಿದ್ದ, ಗೇರುಗಳನ್ನು ಒಳಗೊಂಡ ಪೆಟ್ಟಿಗೆ ಏಪ್ರನ್. ಇವೆರಡೂ ಸೇರಿ ಕ್ಯಾರೇಜ್ ಎನಿಸಿಕೊಳ್ಳುತ್ತವೆ. ಸ್ಯಾಡಲ್‌ನ ಮೇಲೆ ಅಡ್ಡಡ್ಡಲಾಗಿ ಚಲಿಸುವುದು ಕ್ರಾಸ್ ಸ್ಲೈಡ್, ಅದರ ಮೇಲೆ ಬೇಕಾದ ಕೋನಕ್ಕೆ ತಿರುಗಿಸಿ ನಿಲ್ಲಿಸಬಹುದಾದದ್ದು ಕಾಂಪೌಂಡ್ ಸ್ಲೈಡ್. ಬೆಡ್‌ನ ಹಾದಿಗಳಲ್ಲಿ ಕೆಲವು ಚಪ್ಪಟೆಯಾಗಿದ್ದು, ಕೆಲವು ತಲೆಕೆಳಗಾದ ಇಂಗ್ಲಿಷ್ ವಿ ಅಕ್ಷರದಂತೆ ಏರುಗೊಂಡಿರುತ್ತವೆ. ಮೇಲಿನ ಎರಡು ಸ್ಲೈಡುಗಳು ಡವ್‌ಟೇಲ್ ಎಂಬ, ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾದ ಕಚ್ಚಿನೊಳಗೆ ಓಡುತ್ತವೆ. ಈ ಕಚ್ಚಿನಲ್ಲಿ ಉಳಿಯುವ ಸಡಿಲನ್ನು ತುಂಬಲು ಒಂದು ಬದಿಯಲ್ಲಿ ಕೂರಿಸುವ ತೆಳ್ಳನೆಯ ಲೋಹಪಟ್ಟಿಗೆ ಗಿಬ್ ಎಂದು ಹೆಸರು. ಜಾರುಹಾದಿಯ ಘರ್ಷಣೆಯ ಚರ್ಚೆಯಲ್ಲಿ ಈ ಚಿಕ್ಕ ಪಟ್ಟಿ ಮತ್ತೆ ಮತ್ತೆ ತಲೆಹಾಕುತ್ತದೆ.

ತಿರುಗುವ ಭಾಗಕ್ಕೂ ಜಾರುವ ಭಾಗಕ್ಕೂ ಇರುವ ಮೂಲಭೂತ ವ್ಯತ್ಯಾಸ ವೇಗದ್ದು. 1880ರ ದಶಕದಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್ ರೈಲ್ವೆ ಅಚ್ಚಿನ ಬೇರಿಂಗ್‌ಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಬೇರಿಂಗ್‌ನ ಮೇಲ್ಭಾಗದಲ್ಲಿ ಕೊರೆದಿದ್ದ ರಂಧ್ರದಿಂದ ಎಣ್ಣೆ ತಾನಾಗಿಯೇ ಉಕ್ಕಿ ಬಂದುದನ್ನೂ, ಅದನ್ನು ಮುಚ್ಚಲು ಬಡಿದ ಮರದ ಬೆಣೆ ಹೊರಕ್ಕೆ ತಳ್ಳಲ್ಪಟ್ಟುದನ್ನೂ ಗಮನಿಸಿದರು. ತಿರುಗುವ ಅಚ್ಚು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿನೊಳಕ್ಕೆ ಎಳೆದುಕೊಂಡು ಒತ್ತಡವನ್ನು ಸೃಷ್ಟಿಸುತ್ತದೆ, ಆ ಒತ್ತಡವೇ ಭಾರವನ್ನು ಹೊರುತ್ತದೆ, ಲೋಹಕ್ಕೆ ಲೋಹ ತಾಗುವುದೇ ಇಲ್ಲ ಎಂಬುದನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ಮೂಲಕ ವಿವರಿಸಿದರು. ಎಣ್ಣೆಯ ಪದರ ಹೀಗೆ ಮೇಲೇಳಬೇಕಾದರೆ ವೇಗ ಬೇಕು. 50 ಮಿಲಿಮೀಟರ್ ವ್ಯಾಸದ ಸ್ಪಿಂಡಲ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಮೇಲ್ಮೈ ಸೆಕೆಂಡಿಗೆ ಸುಮಾರು 2.6 ಮೀಟರ್ ವೇಗದಲ್ಲಿ ಸಾಗುತ್ತದೆ. ಅದೇ ಲೇತ್‌ನಲ್ಲಿ 500 ಸುತ್ತಿನ ವೇಗಕ್ಕೆ, ಸುತ್ತೊಂದಕ್ಕೆ 0.2 ಮಿಲಿಮೀಟರ್ ಫೀಡ್ ಕೊಟ್ಟರೆ ಸ್ಯಾಡಲ್ ಚಲಿಸುವುದು ನಿಮಿಷಕ್ಕೆ 100 ಮಿಲಿಮೀಟರ್, ಅಂದರೆ ಸೆಕೆಂಡಿಗೆ ಎರಡು ಮಿಲಿಮೀಟರ್‌ಗೂ ಕಡಿಮೆ. ಒಂದೂವರೆ ಸಾವಿರ ಪಟ್ಟಿನ ಈ ಅಂತರದಿಂದಾಗಿ ಸ್ಪಿಂಡಲ್‌ಗೆ ಸಹಜವಾಗಿ ದೊರೆಯುವ ಎಣ್ಣೆಯ ಹಾಸು ಸ್ಯಾಡಲ್‌ಗೆ ದೊರೆಯುವುದಿಲ್ಲ.

ವೇಗ, ಎಣ್ಣೆಯ ಸ್ನಿಗ್ಧತೆ ಮತ್ತು ಭಾರ ಈ ಮೂರಕ್ಕೂ ಘರ್ಷಣೆಗೂ ಇರುವ ಸಂಬಂಧವನ್ನು ತೋರಿಸುವ ರೇಖೆಗೆ, 1902ರಲ್ಲಿ ತನ್ನ ವಿಸ್ತೃತ ಅಳತೆಗಳನ್ನು ಪ್ರಕಟಿಸಿದ ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್‌ನ ಹೆಸರೇ ನಿಂತಿದೆ. ಆ ರೇಖೆಯ ಎಡತುದಿಯಲ್ಲಿ, ವೇಗ ತೀರ ಕಡಿಮೆಯಿರುವಲ್ಲಿ, ಲೋಹದ ಉಬ್ಬುಗಳು ಒಂದನ್ನೊಂದು ನೇರವಾಗಿ ತಾಗುತ್ತವೆ ಮತ್ತು ಘರ್ಷಣೆ ಅತ್ಯಧಿಕವಾಗಿರುತ್ತದೆ. ವೇಗ ಏರಿದಂತೆ ಎಣ್ಣೆ ಸ್ವಲ್ಪ ಸ್ವಲ್ಪವೇ ಭಾರ ಹೊರತೊಡಗಿ ಘರ್ಷಣೆ ತಟ್ಟನೆ ಇಳಿಯುತ್ತದೆ. ಪೂರ್ಣ ಪದರ ರೂಪುಗೊಂಡ ಬಳಿಕ ಎಣ್ಣೆಯ ಒಳಗಿನ ಎಳೆತದಿಂದಾಗಿ ಅದು ಮತ್ತೆ ನಿಧಾನವಾಗಿ ಏರುತ್ತದೆ. ಲೇತ್‌ನ ಸ್ಲೈಡುಗಳು ಬದುಕುವುದೆಲ್ಲ ಈ ರೇಖೆಯ ಎಡಭಾಗದಲ್ಲಿ, ಅಂದರೆ ವೇಗ ತುಸು ಬದಲಾದರೂ ಘರ್ಷಣೆ ಬಹಳ ಬದಲಾಗುವ ಇಳಿಜಾರಿನಲ್ಲಿ. ಮುಂದೆ ಹೇಳಲಿರುವ ಎಲ್ಲ ತೊಂದರೆಗಳ ಬೇರು ಇಲ್ಲಿಯೇ ಇದೆ.

ಸ್ಲೈಡ್ ಬಿಗಿಯಾಗಿದೆ ಎಂದಾಗ ತಾಗುವ ಮೇಲ್ಮೈಯ ಅಗಲವನ್ನು ಕಡಿಮೆ ಮಾಡಿದರೆ ಘರ್ಷಣೆ ತಗ್ಗೀತು ಎಂಬ ಆಲೋಚನೆ ಹಲವರಲ್ಲಿ ಹುಟ್ಟುತ್ತದೆ. ಅದು ಸರಿಯಲ್ಲ. ಘರ್ಷಣೆ ಭಾರಕ್ಕೆ ಅನುಪಾತದಲ್ಲಿರುತ್ತದೆಯೇ ಹೊರತು ಕಣ್ಣಿಗೆ ಕಾಣುವ ಸಂಪರ್ಕದ ವಿಸ್ತಾರವನ್ನು ಅವಲಂಬಿಸುವುದಿಲ್ಲ ಎಂದು ಫ್ರಾನ್ಸಿನ ಗಿಯೋಮ್ ಅಮೊಂತೋಂ 1699ರಲ್ಲಿಯೇ ಹೇಳಿದ್ದರು. ಎಷ್ಟೇ ನುಣುಪಾದ ಮೇಲ್ಮೈಗಳಾದರೂ ಅವು ನಿಜವಾಗಿ ತಾಗುವುದು ಅಲ್ಲಲ್ಲಿನ ಸೂಕ್ಷ್ಮ ಉಬ್ಬುಗಳ ತುದಿಯಲ್ಲಿ ಮಾತ್ರ, ಆ ನೈಜ ಸಂಪರ್ಕದ ವಿಸ್ತಾರವನ್ನು ನಿರ್ಧರಿಸುವುದು ಭಾರವೇ ಎಂದು ಕೇಂಬ್ರಿಜ್‌ನ ಫಿಲಿಪ್ ಬೌಡನ್ ಮತ್ತು ಡೇವಿಡ್ ಟೇಬರ್ 20ನೆಯ ಶತಮಾನದಲ್ಲಿ ಇದಕ್ಕೆ ಕಾರಣವನ್ನು ತೋರಿಸಿಕೊಟ್ಟರು. ಹೀಗಾಗಿ ಹಾದಿಯನ್ನು ಕಿರಿದಾಗಿಸಿದರೆ ಘರ್ಷಣೆ ಅಷ್ಟೇ ಉಳಿದು, ಒತ್ತಡ ಹೆಚ್ಚಿ, ಸವೆತ ಮಾತ್ರ ಬೇಗ ಬರುತ್ತದೆ.

ಭಾರವಾದರೂ ಸ್ಥಿರವಾಗಿರುತ್ತದೆಯೇ ಎಂದರೆ ಅದೂ ಇಲ್ಲ. ಮಧ್ಯಮ ಗಾತ್ರದ ಲೇತ್‌ನ ಕ್ಯಾರೇಜ್ 150 ಕಿಲೋಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಬೆಡ್‌ನ ಮೇಲೆ ಸುಮಾರು 1500 ನ್ಯೂಟನ್ ಭಾರ ಬೀಳುತ್ತದೆ. ಮೃದು ಉಕ್ಕನ್ನು 2 ಮಿಲಿಮೀಟರ್ ಆಳಕ್ಕೆ, 0.2 ಮಿಲಿಮೀಟರ್ ಫೀಡ್‌ನಲ್ಲಿ ಕಡೆಯುವಾಗ ಟೂಲಿನ ಮೇಲೆ ಕೆಳಮುಖವಾಗಿ ಇನ್ನೂ ಸುಮಾರು 800 ನ್ಯೂಟನ್ ಸೇರುತ್ತದೆ. ಎರಕ ಕಬ್ಬಿಣದ ಮೇಲೆ ಎರಕ ಕಬ್ಬಿಣ ಸಾಧಾರಣ ಎಣ್ಣೆಯಲ್ಲಿ ನಿಧಾನವಾಗಿ ಜಾರುವಾಗ ಘರ್ಷಣಾಂಕ, ಅಂದರೆ ಘರ್ಷಣ ಬಲಕ್ಕೂ ಭಾರಕ್ಕೂ ಇರುವ ಅನುಪಾತ, ಸುಮಾರು 0.15 ಎಂದು ಹಿಡಿದರೆ ಎಳೆಯಬೇಕಾದ ಬಲ 345 ನ್ಯೂಟನ್ ಆಗುತ್ತದೆ. ಇದೇ ಅಂಕ 0.05ಕ್ಕೆ ಇಳಿದರೆ 115 ನ್ಯೂಟನ್ ಸಾಕು. ವಿ ಹಾದಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ: 90 ಡಿಗ್ರಿ ಕೋನದ ವಿ ಮೇಲೆ ಕುಳಿತ ಭಾರ ಎರಡು ಇಳಿಜಾರುಗಳಿಗೂ ಹಂಚಿಹೋಗುವಾಗ ಆ ಎರಡು ಒತ್ತುಬಲಗಳ ಮೊತ್ತ ಮೂಲ ಭಾರದ 1.41 ಪಟ್ಟು ಆಗುತ್ತದೆ, ಆದ್ದರಿಂದ ಅದೇ ಭಾರಕ್ಕೆ ವಿ ಹಾದಿಯ ಘರ್ಷಣೆ ಚಪ್ಪಟೆ ಹಾದಿಗಿಂತ ಶೇಕಡಾ 40ರಷ್ಟು ಹೆಚ್ಚು. ಸವೆದಂತೆಲ್ಲ ಅಕ್ಕಪಕ್ಕಕ್ಕೆ ಅಲುಗದೆ ತಾನೇ ಕೆಳಗಿಳಿದು ಕೂರುವ ಅದರ ಗುಣಕ್ಕೆ ಯಂತ್ರಶಿಲ್ಪಿಗಳು ತೆರುವ ಬೆಲೆ ಇದು.

ಘರ್ಷಣೆಯ ಮೊತ್ತ ಹೆಚ್ಚಾದರೆ ಆಗುವ ಹಾನಿ ಇಷ್ಟೆ: ಕೈಚಕ್ರ ಬಿಗಿಯಾಗುತ್ತದೆ, ಮೋಟರಿನ ಶಕ್ತಿ ಸ್ವಲ್ಪ ವ್ಯರ್ಥವಾಗುತ್ತದೆ, ಸವೆತ ಹೆಚ್ಚುತ್ತದೆ. ಕೆಲಸವನ್ನು ಕೆಡಿಸುವುದು ಬೇರೆಯದೇ ಒಂದು ವಿದ್ಯಮಾನ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲಕ್ಕೆ ಸ್ಥಾಯಿ ಘರ್ಷಣೆ ಎಂದೂ, ಕದಲಿದ ಮೇಲೆ ಅದನ್ನು ಸಾಗಿಸುತ್ತಿರಲು ಬೇಕಾದ ಬಲಕ್ಕೆ ಚಲನ ಘರ್ಷಣೆ ಎಂದೂ ಹೆಸರು. ಸಾಮಾನ್ಯವಾಗಿ ಮೊದಲನೆಯದು ಎರಡನೆಯದಕ್ಕಿಂತ ದೊಡ್ಡದು. ಟರ್ನರ್ ಕ್ರಾಸ್ ಸ್ಲೈಡಿನ ಹಿಡಿಯನ್ನು ಡಯಲಿನ ಒಂದು ಗೀಟಿನಷ್ಟು ತಿರುಗಿಸಿದಾಗ ಸ್ಲೈಡ್ ಕದಲುವುದಿಲ್ಲ, ಅದರ ಬದಲು ಸ್ಕ್ರೂ, ನಟ್ಟು, ಅವುಗಳ ಆಧಾರ ಎಲ್ಲವೂ ಕೂದಲೆಳೆಯಷ್ಟು ಬಾಗಿ ಬಲವನ್ನು ಕೂಡಿಹಾಕಿಕೊಳ್ಳುತ್ತವೆ. ಎರಡನೆಯ ಅಥವಾ ಮೂರನೆಯ ಗೀಟಿಗೆ ಆ ಬಲ ಸ್ಥಾಯಿ ಘರ್ಷಣೆಯನ್ನು ಮೀರುತ್ತದೆ. ಮೀರಿದ ಕ್ಷಣವೇ ಘರ್ಷಣೆ ಚಲನ ಮಟ್ಟಕ್ಕೆ ಕುಸಿಯುವುದರಿಂದ ಕೂಡಿಟ್ಟ ಬಲ ಸ್ಲೈಡನ್ನು ಅಗತ್ಯಕ್ಕಿಂತ ಮುಂದಕ್ಕೆ ಎಸೆದು ನಿಲ್ಲಿಸುತ್ತದೆ. ನಿಂತು ನೆಗೆಯುವ ಈ ನಡೆಗೆ ಎಂಜಿನಿಯರುಗಳು ಸ್ಟಿಕ್-ಸ್ಲಿಪ್ ಎನ್ನುತ್ತಾರೆ. 1939ರಲ್ಲಿ ಬೌಡನ್ ಮತ್ತು ಲೆಬೆನ್ ಇದನ್ನು ಪ್ರಯೋಗಶಾಲೆಯಲ್ಲಿ ವಿವರವಾಗಿ ದಾಖಲಿಸಿದರು.

ನೆಗೆತದ ಅಳತೆಯನ್ನು ಸರಳವಾಗಿ ಅಂದಾಜು ಮಾಡಬಹುದು. ಸ್ಥಾಯಿ ಮತ್ತು ಚಲನ ಘರ್ಷಣೆಗಳ ವ್ಯತ್ಯಾಸವನ್ನು ಎರಡರಿಂದ ಗುಣಿಸಿ, ಸ್ಲೈಡನ್ನು ನೂಕುವ ವ್ಯವಸ್ಥೆಯ ಗಡಸುತನದಿಂದ, ಅಂದರೆ ಅದು ಒಂದು ಮೈಕ್ರಾನ್ ಬಾಗಲು ಬೇಕಾದ ಬಲದಿಂದ ಭಾಗಿಸಿದರೆ ಸಾಕು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಪಾಲು. ವ್ಯತ್ಯಾಸ 60 ನ್ಯೂಟನ್, ಗಡಸುತನ ಮೈಕ್ರಾನಿಗೆ 10 ನ್ಯೂಟನ್ ಎಂದುಕೊಂಡರೆ ಸ್ಲೈಡ್ 12 ಮೈಕ್ರಾನ್ ನೆಗೆಯುತ್ತದೆ. ಟೂಲ್ ಒಂದು ಬದಿಯಿಂದ 12 ಮೈಕ್ರಾನ್ ಒಳಹೋದರೆ ತಿರುಗುವ ತುಂಡಿನ ವ್ಯಾಸ 24 ಮೈಕ್ರಾನ್ ಬದಲಾಗುತ್ತದೆ. 25 ಮಿಲಿಮೀಟರ್ ರಂಧ್ರಕ್ಕೆ ಎಚ್7 ದರ್ಜೆಯ ಫಿಟ್ ಕೇಳಿದ್ದರೆ ಅಲ್ಲಿ ಅನುಮತಿಸಿರುವ ಒಟ್ಟು ವ್ಯತ್ಯಾಸವೇ 21 ಮೈಕ್ರಾನ್. ಒಂದೇ ಒಂದು ನೆಗೆತ ಇಡೀ ತುಂಡನ್ನು ರಿಜೆಕ್ಟ್ ಮಾಡಿಸಬಲ್ಲದು. ಎಳೆಯಲು ಹೆಚ್ಚು ಬಲ ಬೇಡುವ, ಆದರೆ ಆ ಬಲ ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾಗಿರುವ ಸ್ಲೈಡ್ ಇದಕ್ಕಿಂತ ಎಷ್ಟೋ ವಾಸಿ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಬೀಳುತ್ತವೆ. ನಟ್ಟು ಸವೆದು, ಸ್ಕ್ರೂವಿನ ಥ್ರಸ್ಟ್ ಬೇರಿಂಗ್ ಸಡಿಲಾಗಿ ವ್ಯವಸ್ಥೆಯ ಗಡಸುತನ ಅರ್ಧಕ್ಕಿಳಿದರೆ, ಹಾದಿಯಲ್ಲಿ ಏನೊಂದೂ ಬದಲಾಗದಿದ್ದರೂ ನೆಗೆತ ಇಮ್ಮಡಿಯಾಗುತ್ತದೆ. ಎಷ್ಟೋ ಕಡೆ ಜಾರುಹಾದಿಯ ದೋಷವೆಂದು ಬಗೆದದ್ದು ನಿಜವಾಗಿ ಸ್ಕ್ರೂವಿನ ದೋಷವಾಗಿರುತ್ತದೆ. ಎರಡನೆಯದಾಗಿ, ಘರ್ಷಣೆಯನ್ನು ಸೊನ್ನೆಗೆ ಇಳಿಸುವುದು ಗುರಿಯಲ್ಲ. ಕತ್ತರಿಸುವಾಗ ಹುಟ್ಟುವ ಕಂಪನವನ್ನು ನುಂಗುವ ಕೆಲಸದಲ್ಲಿ ಜಾರುಹಾದಿಯ ಘರ್ಷಣೆಯ ಪಾತ್ರ ದೊಡ್ಡದು, ಮತ್ತು ಫೇಸಿಂಗ್ ಮಾಡುವಾಗ, ಅಂದರೆ ತುಂಡಿನ ತುದಿಮುಖವನ್ನು ಕಡೆಯುವಾಗ, ಸ್ಯಾಡಲ್ ಕದಲದಂತೆ ಹಿಡಿದಿಡಲು ಲಾಕ್ ಬೋಲ್ಟ್ ಎಂಬ, ಘರ್ಷಣೆಯನ್ನು ಬೇಕೆಂದೇ ಗರಿಷ್ಠಕ್ಕೇರಿಸುವ ಸಾಧನವನ್ನು ಲೇತ್ ತಯಾರಕರೇ ಇಟ್ಟಿರುತ್ತಾರೆ.

ಸ್ಥಾಯಿ ಘರ್ಷಣೆಯನ್ನು ಚಲನ ಘರ್ಷಣೆಯ ಸಮೀಪಕ್ಕೆ ಇಳಿಸುವ ಉಪಾಯಗಳಲ್ಲಿ ಮೊದಲನೆಯದೂ ಅಗ್ಗದ್ದೂ ಸರಿಯಾದ ಕೀಲೆಣ್ಣೆ. ಸ್ಲೈಡ್‌ವೇ ಆಯಿಲ್ ಎಂದು ಮಾರಾಟವಾಗುವ ಎಣ್ಣೆಯಲ್ಲಿ ಸಾಮಾನ್ಯ ಖನಿಜ ತೈಲದ ಜೊತೆಗೆ ಎರಡು ಬಗೆಯ ಪದಾರ್ಥಗಳನ್ನು ಬೆರೆಸಿರುತ್ತಾರೆ. ಒಂದು, ಕೊಬ್ಬಿನಾಮ್ಲಗಳ ಜಾತಿಗೆ ಸೇರಿದ ಅಣುಗಳು. ಇವುಗಳ ಒಂದು ತುದಿ ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ, ಸ್ಲೈಡ್ ನಿಂತು ಎಣ್ಣೆಯೆಲ್ಲ ಹಿಂಡಿಹೋದಾಗಲೂ ಒಂದೆರಡು ಅಣುಗಳ ದಪ್ಪದ ಪದರ ಉಳಿದು ಲೋಹಕ್ಕೆ ಲೋಹ ಬೆಸೆಯದಂತೆ ತಡೆಯುತ್ತದೆ. ಇನ್ನೊಂದು, ಎಣ್ಣೆಗೆ ಅಂಟುಗುಣ ಕೊಡುವ ಪಾಲಿಮರ್. ಇದರಿಂದ ಎಣ್ಣೆ ಇಳಿಜಾರಿನಲ್ಲಿ ಹರಿದುಹೋಗುವುದಿಲ್ಲ, ಕೂಲಂಟ್ ನೀರಿಗೆ ಬೇಗ ತೊಳೆದುಹೋಗುವುದೂ ಇಲ್ಲ. ಬೆಡ್‌ನಂತಹ ಅಡ್ಡ ಹಾದಿಗಳಿಗೆ ಐಎಸ್‌ಒ ವಿಜಿ 68 ದರ್ಜೆಯನ್ನೂ, ಮಿಲ್ಲಿಂಗ್ ಯಂತ್ರದ ಕಂಬದಂತಹ ಲಂಬ ಹಾದಿಗಳಿಗೆ 220 ದರ್ಜೆಯನ್ನೂ ಬಳಸುವುದು ರೂಢಿ. ಈ ಅಂಕಿಗಳು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ಒಡ್ಡುವ ಪ್ರತಿರೋಧವನ್ನು ಸೂಚಿಸುತ್ತವೆ.

ಸಣ್ಣ ಕಾರ್ಖಾನೆಗಳಲ್ಲಿ ಈ ಎಣ್ಣೆಯ ಜಾಗವನ್ನು ಹಲವು ಬಾರಿ 20ಡಬ್ಲ್ಯು-40 ಎಂಜಿನ್ ಆಯಿಲ್ ಆಕ್ರಮಿಸಿರುತ್ತದೆ. ಎಂಜಿನ್‌ನೊಳಗಿನ ಮಸಿಯನ್ನು ತಳಕ್ಕೆ ಇಳಿಯಗೊಡದೆ ಎಣ್ಣೆಯಲ್ಲೇ ತೇಲಿಸಿ ಫಿಲ್ಟರಿನವರೆಗೆ ಸಾಗಿಸುವುದು ಆ ಎಣ್ಣೆಯಲ್ಲಿ ಬೆರೆಸಿದ ಡಿಟರ್ಜೆಂಟ್‌ಗಳ ಕೆಲಸ. ಲೇತ್‌ನ ಹಾದಿಯಲ್ಲಿ ಫಿಲ್ಟರ್ ಇಲ್ಲದ್ದರಿಂದ ಲೋಹದ ಧೂಳು ಸ್ಲೈಡಿನ ಕೆಳಗೇ ತೇಲುತ್ತ ಉಳಿಯುತ್ತದೆ. ಏನೂ ಇಲ್ಲದ್ದಕ್ಕಿಂತ ಎಂಜಿನ್ ಆಯಿಲ್ ಮೇಲು ಎಂಬುದು ನಿಜ. ಗ್ರೀಸ್ ಮಾತ್ರ ಖಂಡಿತ ಕೂಡದು, ಏಕೆಂದರೆ ಅದು ಚೂರುಗಳನ್ನು ಹಿಡಿದಿಟ್ಟು ಹಾದಿಯನ್ನು ತಿಕ್ಕಿ ಸವೆಸುವ ಲೇಪವಾಗಿ ಮಾರ್ಪಡುತ್ತದೆ. ಇದೇ ಕಾರಣಕ್ಕೆ ಸ್ಯಾಡಲ್‌ನ ನಾಲ್ಕು ಮೂಲೆಗಳಲ್ಲಿರುವ ಫೆಲ್ಟ್ ಅಥವಾ ರಬ್ಬರಿನ ವೈಪರ್‌ಗಳು, ಅಂದರೆ ಹಾದಿಯನ್ನು ಒರೆಸುತ್ತ ಸಾಗುವ ಪಟ್ಟಿಗಳು, ನೋಡಲು ಅಲ್ಪವೆನಿಸಿದರೂ ಯಂತ್ರದ ಆಯುಷ್ಯವನ್ನು ನಿರ್ಧರಿಸುವ ಭಾಗಗಳಾಗಿವೆ; ಒಣಗಿ ಕಲ್ಲಾದ ಫೆಲ್ಟ್ ಚೂರನ್ನು ತಡೆಯುವುದಿಲ್ಲ, ಬದಲಿಗೆ ಅದನ್ನು ತನ್ನಲ್ಲೇ ಹುದುಗಿಸಿಕೊಂಡು ಬೆಡ್‌ನುದ್ದಕ್ಕೂ ಗೀರುತ್ತದೆ. ಎರಕ ಕಬ್ಬಿಣದ ಹೊರಚಿಪ್ಪಿನಲ್ಲಿ ಅಚ್ಚಿನ ಮರಳಿನ ಕಣಗಳಿರುವುದರಿಂದ ಅದನ್ನು ಕಡೆಯುವಾಗ, ಎಮರಿ ಬಟ್ಟೆಯಿಂದ ತುಂಡಿಗೆ ನುಣುಪು ಕೊಡುವಾಗ, ಟೂಲ್ ಪೋಸ್ಟಿಗೆ ಗ್ರೈಂಡರ್ ಕಟ್ಟಿ ಉಜ್ಜುವಾಗ ಬೆಡ್‌ಗೆ ಹೊದಿಕೆ ಹಾಕದಿರುವುದು ಮೈಗಳ್ಳತನವಲ್ಲದೆ ಬೇರೇನೂ ಅಲ್ಲ.

ಎಣ್ಣೆ ಎಷ್ಟೇ ಒಳ್ಳೆಯದಾದರೂ ಅದು ನಿಲ್ಲಲು ತಾವು ಬೇಕು. ಈ ವಿಷಯದಲ್ಲಿ ಜಾರುಹಾದಿಯ ಇತಿಹಾಸ ಒಂದು ವಿಚಿತ್ರ ಪಾಠವನ್ನು ಹೇಳುತ್ತದೆ: ಅತ್ಯಂತ ನುಣುಪಾದ ಮೇಲ್ಮೈ ಅತ್ಯಂತ ಚೆನ್ನಾಗಿ ಜಾರುವ ಮೇಲ್ಮೈಯಲ್ಲ. ಎರಡು ಕನ್ನಡಿಯಂತಹ ಸಮತಲಗಳನ್ನು ಒತ್ತಿ ಉಜ್ಜಿದರೆ ನಡುವಿನ ಗಾಳಿಯೂ ಎಣ್ಣೆಯೂ ಹೊರಬಿದ್ದು ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ; ಅಳತೆಗೆ ಬಳಸುವ ಸ್ಲಿಪ್ ಗೇಜುಗಳನ್ನು ಜೋಡಿಸುವುದು ಈ ಗುಣದಿಂದಲೇ. ಜಾರುಹಾದಿಗೆ ಬೇಕಾದದ್ದು ಒಟ್ಟಾರೆ ಸಮತಲವಾಗಿದ್ದು ಒಳಗೊಳಗೆ ತಗ್ಗುದಿಣ್ಣೆಗಳಿರುವ ಮೇಲ್ಮೈ. ಅದನ್ನು ಕೊಡುವ ಕೈಕೆಲಸಕ್ಕೆ ಸ್ಕ್ರೇಪಿಂಗ್ ಎಂದು ಹೆಸರು.

19ನೆಯ ಶತಮಾನದ ಆರಂಭದವರೆಗೆ ಎರಡು ಮೇಲ್ಮೈಗಳನ್ನು ಹೊಂದಿಸಲು ಅವುಗಳ ನಡುವೆ ಎಮರಿ ಪುಡಿ ಹಾಕಿ ಉಜ್ಜುವುದು ವಾಡಿಕೆಯಾಗಿತ್ತು. ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆಯ ಕಾರ್ಖಾನೆಯಲ್ಲಿ ಕೆಲಸ ಕಲಿತಿದ್ದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದಲ್ಲಿ ಸೇರಿದ ಬ್ರಿಟಿಷ್ ಅಸೋಸಿಯೇಷನ್‌ನ ಸಭೆಯಲ್ಲಿ ಓದಿದ ಪ್ರಬಂಧದಲ್ಲಿ ಈ ಪದ್ಧತಿಯನ್ನು ಟೀಕಿಸಿ, ಸ್ಕ್ರೇಪಿಂಗ್‌ನ ಪರವಾಗಿ ವಾದಿಸಿದರು. ಎಮರಿ ಎಲ್ಲಿ ಹೆಚ್ಚು ಸೇರಿತೋ ಅಲ್ಲಿ ಹೆಚ್ಚು ಸವೆಸುತ್ತದೆ, ಜೊತೆಗೆ ಅದರ ಕಣಗಳು ಲೋಹದೊಳಕ್ಕೆ ಹುದುಗಿ ಮುಂದೆಯೂ ಸವೆಸುತ್ತಲೇ ಇರುತ್ತವೆ. ವಿಟ್‌ವರ್ತ್ ಮುಂದಿಟ್ಟ ಕ್ರಮದಲ್ಲಿ ಮೂರು ಫಲಕಗಳನ್ನು ಒಂದರ ಮೇಲೊಂದು ಸರದಿಯಂತೆ ಇಟ್ಟು, ಬಣ್ಣ ಹಚ್ಚಿ ನೋಡಿ, ಬಣ್ಣ ತಾಗಿದ ಉಬ್ಬುಗಳನ್ನಷ್ಟೇ ಕೆರೆಯಲಾಗುತ್ತದೆ. ಎರಡೇ ಫಲಕಗಳಿದ್ದರೆ ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಅವು ಪರಸ್ಪರ ಸರಿಯಾಗಿ ಕೂತು ಸಮತಲದ ಭ್ರಮೆ ಹುಟ್ಟಿಸಬಹುದು. ಮೂರನೆಯದು ಬಂದಾಗ ಆ ಮೋಸ ನಡೆಯುವುದಿಲ್ಲ, ಏಕೆಂದರೆ ಮೂರೂ ತಮ್ಮತಮ್ಮೊಳಗೆ ಎಲ್ಲ ಜೋಡಿಯಲ್ಲೂ ಹೊಂದಬೇಕಾದರೆ ಮೂರೂ ಸಮತಲವಾಗಿರಲೇಬೇಕು. ಅಳೆಯಲು ಯಾವ ಉತ್ತಮ ಉಪಕರಣವೂ ಇಲ್ಲದೆ, ಬರಿಯ ತರ್ಕದ ಬಲದಿಂದ ನಿಖರತೆಯನ್ನು ಹುಟ್ಟಿಸಿದ ಈ ಉಪಾಯಕ್ಕೆ ಯಂತ್ರಶಾಸ್ತ್ರದಲ್ಲಿ ಸರಿಸಾಟಿಯಾದವು ವಿರಳ.

ಇಂದಿಗೂ ಸ್ಕ್ರೇಪಿಂಗ್ ಬಹುಮಟ್ಟಿಗೆ ಹಾಗೆಯೇ ನಡೆಯುತ್ತದೆ. ಸರ್ಫೇಸ್ ಪ್ಲೇಟ್ ಅಥವಾ ಸ್ಟ್ರೇಟ್ ಎಡ್ಜ್‌ಗೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳ್ಳಗೆ ಸವರಿ ಸ್ಯಾಡಲ್‌ನ ತಳಕ್ಕೆ ಒತ್ತಿದಾಗ ಎತ್ತರದ ಜಾಗಗಳಲ್ಲಿ ನೀಲಿ ಮೂಡುತ್ತದೆ; ನುರಿತ ಫಿಟ್ಟರ್ ಕಾರ್ಬೈಡ್ ತುದಿಯ ಸ್ಕ್ರೇಪರ್‌ನಿಂದ ಆ ಚುಕ್ಕೆಗಳನ್ನು ಒಂದು ಸಲಕ್ಕೆ ಕೆಲವೇ ಮೈಕ್ರಾನ್ ಆಳಕ್ಕೆ ಕೆರೆಯುತ್ತಾನೆ, ಮತ್ತೆ ಬಣ್ಣ ಒತ್ತುತ್ತಾನೆ, ಮತ್ತೆ ಕೆರೆಯುತ್ತಾನೆ. 25 ಮಿಲಿಮೀಟರ್ ಚೌಕದೊಳಗೆ ಹತ್ತು ಹನ್ನೆರಡರಿಂದ ಇಪ್ಪತ್ತರವರೆಗೆ ಚುಕ್ಕೆಗಳು ಸಮನಾಗಿ ಹರಡಿ ಮೂಡುವವರೆಗೆ ಕೆಲಸ ಸಾಗುತ್ತದೆ. ಚುಕ್ಕೆಗಳು ಭಾರ ಹೊರುತ್ತವೆ, ಅವುಗಳ ನಡುವಿನ ತಗ್ಗುಗಳು ಎಣ್ಣೆ ಹಿಡಿದಿಡುತ್ತವೆ. ಹಾದಿಗೆ ಎಣ್ಣೆ ಹಂಚುವ ಕಾಲುವೆಗಳನ್ನು ಕೊರೆಯುವಾಗಲೂ ಎಚ್ಚರ ಬೇಕು: ಅವು ಮೇಲ್ಮೈಯ ಅಂಚಿನವರೆಗೆ ಹೋದರೆ ಎಣ್ಣೆ ಹೊರಗೆ ಸೋರುತ್ತದೆ, ಅವುಗಳ ಬಾಯಿ ಚೂಪಾಗಿದ್ದರೆ ಎದುರು ಮೇಲ್ಮೈಯ ಎಣ್ಣೆಯನ್ನು ಬಾಚಿ ತೆಗೆಯುತ್ತದೆ, ಅಂಚನ್ನು ದುಂಡಗೆ ಮಾಡಿದರೆ ಮಾತ್ರ ಎಣ್ಣೆ ಒಳಸರಿಯುತ್ತದೆ.

ಬೆಡ್ ಮತ್ತು ಸ್ಯಾಡಲ್‌ಗಳಿಗೆ ಎರಕ ಕಬ್ಬಿಣವೇ ಏಕೆ ಎಂಬುದಕ್ಕೂ ಘರ್ಷಣೆಯಲ್ಲಿಯೇ ಅರ್ಧ ಉತ್ತರವಿದೆ. ಬೂದು ಎರಕ ಕಬ್ಬಿಣದೊಳಗೆ ಗ್ರಾಫೈಟ್ ಪದರಪದರವಾಗಿ ಹರಡಿಕೊಂಡಿದ್ದು, ಕಂಪನವನ್ನು ನುಂಗುವುದಲ್ಲದೆ ಮೇಲ್ಮೈಯಲ್ಲಿ ತಾನೇ ಜಾರುಪುಡಿಯಾಗಿಯೂ ಕೆಲಸ ಮಾಡುತ್ತದೆ. ಉತ್ತಮ ಲೇತ್‌ಗಳಲ್ಲಿ ಬೆಡ್‌ನ ಹಾದಿಯನ್ನು ಜ್ವಾಲೆಯಿಂದ ಅಥವಾ ಇಂಡಕ್ಷನ್ ಶಾಖದಿಂದ ಗಡಸುಗೊಳಿಸಿ ಗ್ರೈಂಡ್ ಮಾಡುತ್ತಾರೆ, ಸ್ಯಾಡಲ್‌ನ ತಳವನ್ನು ಮೆದುವಾಗಿಯೇ ಬಿಟ್ಟು ಸ್ಕ್ರೇಪ್ ಮಾಡುತ್ತಾರೆ. ಸಮಾನ ಗಡಸಿನ ಎರಡು ಮೇಲ್ಮೈಗಳು ಒಂದನ್ನೊಂದು ಕಚ್ಚಿ ಕಿತ್ತುಕೊಳ್ಳುವ ಸಂಭವ ಹೆಚ್ಚು ಎಂಬುದು ಇದಕ್ಕೆ ಒಂದು ಕಾರಣ. ಸವೆತ ಬರುವುದೇ ಆದರೆ ಅದು ದುರಸ್ತಿಗೆ ಸುಲಭವಾದ ಸ್ಯಾಡಲ್‌ಗೆ ಬರಲಿ ಎಂಬ ವ್ಯವಹಾರಜ್ಞಾನ ಇನ್ನೊಂದು.

ಸವೆತ ಎಲ್ಲೆಡೆಯೂ ಒಂದೇ ಸಮ ಬರುವುದಿಲ್ಲ ಎಂಬುದು ಲೇತ್‌ನ ದೌರ್ಭಾಗ್ಯ. ಹೆಚ್ಚಿನ ಕೆಲಸ ಚಕ್‌ನ ಸಮೀಪದ ಒಂದೆರಡು ಅಡಿಯೊಳಗೇ ನಡೆಯುವುದರಿಂದ ಬೆಡ್ ಅಲ್ಲಿ ತಗ್ಗಾಗುತ್ತದೆ, ಟೇಲ್‌ಸ್ಟಾಕ್ ಬದಿಯ ಭಾಗ ಹೊಸದರಂತೆಯೇ ಉಳಿಯುತ್ತದೆ. ಸವೆದ ಜಾಗದ ಸಡಿಲನ್ನು ತುಂಬಲು ಸ್ಯಾಡಲ್‌ನ ಹಿಡಿಪಟ್ಟಿಗಳನ್ನೂ ಗಿಬ್ಬನ್ನೂ ಬಿಗಿದರೆ ಸವೆಯದ ತುದಿಯಲ್ಲಿ ಸ್ಯಾಡಲ್ ಸಿಕ್ಕಿಕೊಳ್ಳುತ್ತದೆ. ಆ ತುದಿಗೆ ಹೊಂದಿಸಿದರೆ ಚಕ್‌ನ ಬಳಿ ಟೂಲ್ ಅದುರುತ್ತದೆ. ಗಿಬ್ಬನ್ನು ಸರಿಪಡಿಸುವುದು ಸೂಕ್ಷ್ಮ ಹೊಂದಾಣಿಕೆಯೇ ಹೊರತು ಸವೆತಕ್ಕೆ ಮದ್ದಲ್ಲ. ನೇರ ಗಿಬ್ಬಿನಲ್ಲಿ ಸಾಲಾಗಿರುವ ಸ್ಕ್ರೂಗಳಲ್ಲಿ ಒಂದೇ ಒಂದನ್ನು ಅತಿಯಾಗಿ ಬಿಗಿದರೆ ಪಟ್ಟಿ ಅಲ್ಲಿಯೇ ಉಬ್ಬಿ, ಎಣ್ಣೆಯನ್ನು ಹಿಂಡಿ, ಇಡೀ ಸ್ಲೈಡಿನ ಘರ್ಷಣೆಯನ್ನು ಆ ಒಂದು ಬಿಂದುವಿಗೆ ತಂದು ನಿಲ್ಲಿಸುತ್ತದೆ. ಉದ್ದುದ್ದಕ್ಕೆ ಸಣ್ಣಗೆ ಇಳಿಜಾರು ಕೊಟ್ಟ ಟೇಪರ್ ಗಿಬ್ ಪೂರ್ಣ ಉದ್ದಕ್ಕೂ ಸಮನಾಗಿ ಒತ್ತುವುದರಿಂದ ಅದು ಮೇಲು, ತಯಾರಿಸಲು ದುಬಾರಿ.

ಹಾದಿಯ ಜ್ಯಾಮಿತಿಯೂ ಘರ್ಷಣೆಯನ್ನು ಕೂಡುತ್ತದೆ, ಕಳೆಯುತ್ತದೆ. ಮೇಜಿನ ಅಗಲವಾದ ಡ್ರಾಯರನ್ನು ಒಂದೇ ಮೂಲೆಯಲ್ಲಿ ಹಿಡಿದು ಎಳೆದರೆ ಅದು ಓರೆಯಾಗಿ ಸಿಕ್ಕಿಕೊಳ್ಳುವಂತೆ, ನೂಕುವ ಬಲ ಒಂದು ಬದಿಗೆ, ದಿಕ್ಕು ತೋರುವ ಹಾದಿ ಇನ್ನೊಂದು ಬದಿಗೆ ಇದ್ದರೆ ಸ್ಯಾಡಲ್ ಓರೆಯಾಗಿ ಅಂಚುಗಳಿಂದ ಕಚ್ಚುತ್ತದೆ. ಇದನ್ನು ತಪ್ಪಿಸಲು ಸೆಂಟರ್ ಲೇತ್‌ನಲ್ಲಿ ದಿಕ್ಕು ತೋರುವ ಹೊಣೆಯನ್ನು ಮುಂಬದಿಯ ವಿ ಹಾದಿಗೆ ವಹಿಸಿ, ಎಳೆಯುವ ರ‍್ಯಾಕ್ ಮತ್ತು ಲೀಡ್ ಸ್ಕ್ರೂಗಳನ್ನೂ ಅದರ ಹತ್ತಿರವೇ ಇಟ್ಟು, ಹಿಂಬದಿಯ ಚಪ್ಪಟೆ ಹಾದಿಗೆ ಭಾರ ಹೊರುವ ಕೆಲಸವನ್ನಷ್ಟೇ ಬಿಡುತ್ತಾರೆ.

ಲೋಹದ ಮೇಲೆ ಲೋಹ ಎಂಬ ಹಳೆಯ ಜೋಡಿಯನ್ನೇ ಬಿಟ್ಟುಕೊಡುವ ದಾರಿ ತೆರೆದದ್ದು 1938ರಲ್ಲಿ, ಅಮೆರಿಕದ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಪಿಟಿಎಫ್‌ಇ ಎಂಬ ಪ್ಲಾಸ್ಟಿಕನ್ನು ಕಂಡುಹಿಡಿದಾಗ. ದೋಸೆ ಅಂಟದ ನಾನ್‌ಸ್ಟಿಕ್ ಕಾವಲಿಯಿಂದಾಗಿ ಇದು ಟೆಫ್ಲಾನ್ ಎಂಬ ಹೆಸರಿನಲ್ಲಿ ಮನೆಮಾತಾಗಿದೆ. ಇದಕ್ಕೆ ಕಂಚಿನ ಪುಡಿ ಬೆರೆಸಿ ಗಟ್ಟಿಗೊಳಿಸಿದ ಹಾಳೆಗಳು ಟರ್ಸೈಟ್ ಮೊದಲಾದ ಹೆಸರುಗಳಲ್ಲಿ ದೊರೆಯುತ್ತವೆ. ಇವುಗಳ ಘರ್ಷಣಾಂಕ ಕಡಿಮೆ ಎಂಬುದು ನಿಜವಾದರೂ ಯಂತ್ರ ತಯಾರಕರು ಇವುಗಳಿಗೆ ಒಲಿದದ್ದು ಇನ್ನೊಂದು ಗುಣಕ್ಕಾಗಿ: ಇವುಗಳಲ್ಲಿ ಸ್ಥಾಯಿ ಘರ್ಷಣೆಗೂ ಚಲನ ಘರ್ಷಣೆಗೂ ಹೆಚ್ಚು ಅಂತರವಿಲ್ಲ, ಆದ್ದರಿಂದ ನಿಂತು ನೆಗೆಯುವ ನಡೆ ಬಹುತೇಕ ಮಾಯವಾಗುತ್ತದೆ. ಹಾಳೆಯನ್ನು ಅಂಟಿಸುವುದು ಉದ್ದನೆಯ ಬೆಡ್‌ಗಲ್ಲ, ಸದಾ ಮುಚ್ಚಿಯೇ ಇರುವ ಸ್ಯಾಡಲ್‌ನ ತಳಕ್ಕೆ. ಯಾವುದಕ್ಕೂ ಅಂಟದ ಈ ಪದಾರ್ಥ ಅಂಟಿಗೆ ಹಿಡಿಯಲೆಂದು ಅದರ ಒಂದು ಮೈಯನ್ನು ತಯಾರಕರೇ ರಾಸಾಯನಿಕದಿಂದ ಕೊರೆದಿರುತ್ತಾರೆ. ಆ ಮೈಯನ್ನು ಎಪಾಕ್ಸಿಯಿಂದ ಕೂರಿಸಿ, ಒಣಗಿದ ಮೇಲೆ ಎಣ್ಣೆಯ ಕಾಲುವೆ ಕೊರೆದು ಸ್ಕ್ರೇಪ್ ಮಾಡಲಾಗುತ್ತದೆ. ಸವೆತದಿಂದ ತಗ್ಗಿದ ಸ್ಯಾಡಲ್ ಹಾಳೆಯ ದಪ್ಪದಷ್ಟು ಮೇಲೆದ್ದು, ಏಪ್ರನ್ ಮತ್ತೆ ಲೀಡ್ ಸ್ಕ್ರೂವಿನ ಎತ್ತರಕ್ಕೆ ಸರಿಹೊಂದುವುದು ಇದರ ಉಪಲಾಭ. ಹಾಳೆಯ ಬದಲು ಹಾದಿಗೂ ಸ್ಯಾಡಲ್‌ಗೂ ನಡುವೆ ಎಪಾಕ್ಸಿಯನ್ನೇ ಸುರಿದು ಬೆಡ್‌ನ ಪಡಿಯಚ್ಚು ತೆಗೆಯುವ ವಿಧಾನವೂ ಇದೆ; ಮೊಗ್ಲೈಸ್ ಆ ಬಗೆಯದು. ಎರಡಕ್ಕೂ ಒಂದು ಸಮಾನ ಕೊರತೆ: ಪದರ ಮೆದುವಾದ್ದರಿಂದ ಒಳನುಗ್ಗಿದ ಲೋಹದ ಚೂರು ಅದರಲ್ಲಿ ಹುದುಗಿ ಕುಳಿತು ಬೆಡ್ಡನ್ನೇ ಕತ್ತರಿಸತೊಡಗುತ್ತದೆ, ಹೀಗಾಗಿ ವೈಪರ್‌ಗಳ ಮಹತ್ವ ಇಲ್ಲಿ ಇಮ್ಮಡಿ.

ಸಿಎನ್‌ಸಿ ಲೇತ್‌ಗಳ ಕಾಲದಲ್ಲಿ ಜಾರುವುದನ್ನೇ ಬಿಟ್ಟು ಉರುಳುವ ಲೀನಿಯರ್ ಗೈಡ್‌ಗಳು ಬಂದಿವೆ. ಜಪಾನಿನ ಟಿಎಚ್‌ಕೆ ಕಂಪನಿ 1970ರ ದಶಕದ ಆರಂಭದಲ್ಲಿ ಬಳಕೆಗೆ ತಂದ ಈ ಬಗೆಯ ಹಳಿಗಳಲ್ಲಿ ಗುಂಡುಗಳು ಸುತ್ತುತ್ತ ಸಾಗುವುದರಿಂದ ಘರ್ಷಣಾಂಕ ಸಾವಿರದಲ್ಲಿ ಕೆಲವೇ ಅಂಶಗಳಿಗೆ ಇಳಿಯುತ್ತದೆ. ವೇಗವೂ ನಿಖರ ನಿಲುಗಡೆಯೂ ಬೇಕಾದಲ್ಲಿ ಇವು ಅತ್ಯುತ್ತಮ, ಆದರೆ ಕಂಪನವನ್ನು ನುಂಗುವ ಶಕ್ತಿ ಕಡಿಮೆಯಾದ್ದರಿಂದ ಭಾರಿ ಕಟಿಂಗ್ ಮಾಡುವ ಲೇತ್‌ಗಳಲ್ಲಿ ಅಗಲವಾದ ಜಾರುಹಾದಿಗಳೇ ಇಂದಿಗೂ ಉಳಿದಿವೆ. ಪಂಪಿನ ಒತ್ತಡದಿಂದ ಎಣ್ಣೆಯನ್ನು ನುಗ್ಗಿಸಿ ನಿಂತಾಗಲೂ ಸ್ಲೈಡನ್ನು ತೇಲಿಸುವ ಹೈಡ್ರೊಸ್ಟಾಟಿಕ್ ಹಾದಿಗಳು, ವಜ್ರದ ಟೂಲಿನಿಂದ ಕನ್ನಡಿ ಕಡೆಯುವ ಯಂತ್ರಗಳ ಗಾಳಿಯ ಬೇರಿಂಗ್‌ಗಳು ಸಾಮಾನ್ಯ ವರ್ಕ್‌ಶಾಪಿನ ಎಟುಕಿಗೆ ಮೀರಿದವು.

ಕರ್ನಾಟಕದಲ್ಲಿ ಈ ಚರ್ಚೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಮತ್ತು 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ನಾಡಿಗೂ ದೇಶಕ್ಕೂ ಲೇತ್‌ಗಳನ್ನು ಕಟ್ಟಿಕೊಟ್ಟವು. ಸ್ಕ್ರೇಪಿಂಗ್ ಬಲ್ಲ ಫಿಟ್ಟರುಗಳ ತಲೆಮಾರುಗಳೇ ಅಲ್ಲಿ ಬೆಳೆದವು. ಆ ಕಾರ್ಖಾನೆಗಳ ಹಳೆಯ ಸೆಂಟರ್ ಲೇತ್‌ಗಳು ಇಂದಿಗೂ ಸಣ್ಣ ವರ್ಕ್‌ಶಾಪುಗಳಲ್ಲಿ ದುಡಿಯುತ್ತಿವೆ. ಅವುಗಳ ಎರಕ ಚೆನ್ನಾಗಿದೆ, ಹೆಡ್‌ಸ್ಟಾಕ್ ಗಟ್ಟಿಯಾಗಿದೆ. ಕೆಟ್ಟಿರುವುದು ಹೆಚ್ಚಾಗಿ ಜಾರುಹಾದಿ. ಇಂತಹ ಯಂತ್ರವನ್ನು ಗುಜರಿಗೆ ಹಾಕುವುದು ಅವಸರದ ತೀರ್ಮಾನ, ನೇರವಾಗಿ ಟರ್ಸೈಟ್ ಹಾಕಿಸಲು ಹೊರಡುವುದೂ ಅಷ್ಟೇ ಅವಸರದ್ದು. ಮೊದಲು ಸ್ಯಾಡಲ್ ಬಿಚ್ಚಿ, ವರ್ಷಗಟ್ಟಲೆ ಗಟ್ಟಿಯಾಗಿ ಕೂತ ಮಡ್ಡಿಯನ್ನು ತೊಳೆದು, ಎಣ್ಣೆಯ ರಂಧ್ರಗಳನ್ನು ತೆರವು ಮಾಡಿ, ಹೊಸ ಫೆಲ್ಟ್ ಕೂರಿಸಿ, ಗಿಬ್ಬನ್ನು ಮಟ್ಟ ಮಾಡಿ, ಸ್ಲೈಡ್‌ವೇ ಎಣ್ಣೆ ಹಾಕಿದರೆ ದೂರುಗಳಲ್ಲಿ ದೊಡ್ಡ ಪಾಲು ಅಲ್ಲಿಗೇ ತೀರುತ್ತದೆ. ಬೆಡ್ ನಿಜವಾಗಿಯೂ ತಗ್ಗಾಗಿದ್ದರೆ ಯಾವ ಎಣ್ಣೆಯೂ ಯಾವ ಹಾಳೆಯೂ ಅದನ್ನು ನೇರಗೊಳಿಸದು. ಅದನ್ನು ಗ್ರೈಂಡ್ ಅಥವಾ ಸ್ಕ್ರೇಪ್ ಮಾಡಿಸಲೇಬೇಕು, ಹಾಳೆ ಅಂಟಿಸುವ ಪ್ರಶ್ನೆ ಅದರ ನಂತರದ್ದು.

ಖರ್ಚಿಗೆ ಕೈಹಾಕುವ ಮೊದಲು ಪ್ರತಿಯೊಬ್ಬ ಲೇತ್ ಮಾಲೀಕನೂ ಮಾಡಬಹುದಾದ ಪರೀಕ್ಷೆಯೊಂದಿದೆ. ಆಯಸ್ಕಾಂತದ ಸ್ಟ್ಯಾಂಡಿಗೆ ಮೈಕ್ರಾನ್ ಓದುವ ಡಯಲ್ ಗೇಜ್ ಸಿಕ್ಕಿಸಿ, ಅದರ ಮೊನೆಯನ್ನು ಕ್ರಾಸ್ ಸ್ಲೈಡಿಗೆ ತಾಗಿಸಿ, ಬ್ಯಾಕ್‌ಲ್ಯಾಶ್, ಅಂದರೆ ಸ್ಕ್ರೂವಿಗೂ ನಟ್ಟಿಗೂ ನಡುವಿನ ಸಡಿಲು, ತೆಗೆದ ಬಳಿಕ ಹಿಡಿಯನ್ನು ಒಂದೇ ದಿಕ್ಕಿನಲ್ಲಿ, ಸ್ಲೈಡ್ ನಿಜವಾಗಿ 0.01 ಮಿಲಿಮೀಟರ್ ಸರಿಯಬೇಕಾದಷ್ಟು ಹತ್ತು ಸಲ ತಿರುಗಿಸುತ್ತ ಮುಳ್ಳು ಪ್ರತಿ ಸಲವೂ ಎಷ್ಟು ಸರಿಯಿತು ಎಂಬುದನ್ನು ಬರೆದುಕೊಳ್ಳಬೇಕು. ಬೆಳಿಗ್ಗೆ ಯಂತ್ರ ತಣ್ಣಗಿರುವಾಗ ಒಮ್ಮೆ, ಎಣ್ಣೆ ಹಾಕಿ ಸ್ಲೈಡನ್ನು ಪೂರ್ಣ ಉದ್ದಕ್ಕೆ ಹಲವು ಸಲ ಓಡಿಸಿದ ಮೇಲೆ ಇನ್ನೊಮ್ಮೆ ಇದನ್ನು ಮಾಡಬೇಕು. ಎರಡನೆಯ ಸಲ ಮುಳ್ಳು ಸಮಹೆಜ್ಜೆ ಹಾಕಿದರೆ ಕೊರತೆ ಎಣ್ಣೆಯದು. ಆಗಲೂ ಎರಡು ಹೆಜ್ಜೆ ನಿಂತು ಮೂರನೆಯದಕ್ಕೆ ನೆಗೆದರೆ ಮೊದಲು ಗಿಬ್ಬನ್ನೂ ಆಮೇಲೆ ಸ್ಕ್ರೂವನ್ನೂ ನೋಡಬೇಕು. ಅವೆರಡೂ ಸರಿಯಿದ್ದ ಮೇಲಷ್ಟೇ ಸ್ಕ್ರೇಪಿಂಗ್ ಮಾಡುವವರನ್ನು ಕರೆಯಬೇಕು.